ಚೀನಾದ ರಾತ್ರಿಗೆ ಬೇರೆಯೇ ಗಡಿಯಾರ

ದೀಪ ಝಗಮಗಿಸುವ ಬೀದಿಯಲ್ಲಿ ಪ್ರವಾಸಿಗರು ಸೆಲ್ಫಿ ತೆಗೆಯುತ್ತಿರುವಾಗ, ಊರಿನವರು ಎರಡು ಗಲ್ಲಿ ಆಚೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಉಣ್ಣುತ್ತಿರುತ್ತಾರೆ. ಬೀಜಿಂಗ್‌ನಿಂದ ಗುವಾಂಗ್‌ಝೌವರೆಗೆ ಆ ಸ್ಟೂಲು ಸಿಗಬೇಕಾದರೆ ವಿಳಾಸಕ್ಕಿಂತ ಮೊದಲು ವೇಳೆ ಗೊತ್ತಿರಬೇಕು!

ಜೂನ್ ತಿಂಗಳ ಸೆಕೆ. ಬೀಜಿಂಗ್‌ನ ಗುಯಿಜಿಯೆ ಬೀದಿಯಲ್ಲಿ ರಾತ್ರಿ ಒಂಬತ್ತೂವರೆ. ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ ರಸ್ತೆಯ ಎರಡೂ ಬದಿಗೆ ಕೆಂಪು ಕಂದೀಲುಗಳ ಸಾಲು. ಫುಟ್‌ಪಾತಿನ ಮೇಲೆ ಮೊಣಕಾಲೆತ್ತರದ ಸ್ಟೂಲುಗಳಲ್ಲಿ ಟೋಕನ್ ಹಿಡಿದು ಕೂತ ಜನ. ಕಾಯುವವರಿಗೆಂದು ಹೋಟೆಲಿನವರೇ ಇಟ್ಟ ಸೂರ್ಯಕಾಂತಿ ಬೀಜವನ್ನು ಹಲ್ಲಲ್ಲಿ ಕಡಿದು ಸಿಪ್ಪೆ ಬಿಡಿಸುತ್ತಾರೆ, ಹರಟುತ್ತಾರೆ, ನಡುನಡುವೆ ಒಳಗೆ ಇಣುಕುತ್ತಾರೆ.

ಒಳಗೆ ಪ್ರತಿ ಮೇಜಿನ ಮೇಲೂ ಅಗಲವಾದ ತಟ್ಟೆ. ಅದರ ತುಂಬ ಒಣಮೆಣಸಿನಕಾಯಿ, ಸಿಚುವಾನ್ ಮೆಣಸಿನ ಜೊತೆ ಕೆಂಪಗೆ ಬೆಂದ ಕ್ರೇಫಿಶ್, ಅಂದರೆ ಸಿಹಿನೀರಿನ ದಪ್ಪಚಿಪ್ಪಿನ ಸಿಗಡಿ. ಎಲ್ಲರ ಕೈಗೂ ತೆಳು ಪ್ಲಾಸ್ಟಿಕ್ ಗ್ಲೌಸ್. ತಲೆಯನ್ನು ತಿರುಚಿ ಬೇರೆ ಮಾಡಬೇಕು. ಬಾಲದ ಚಿಪ್ಪನ್ನು ಎರಡು ಬೆರಳ ನಡುವೆ ಒತ್ತಿ ಬಿರುಕು ಬಿಡಿಸಬೇಕು. ಬೆನ್ನಿನ ಕಪ್ಪು ಎಳೆ ಕಿತ್ತು, ಉಳಿದದ್ದನ್ನು ತಟ್ಟೆಯ ರಸದಲ್ಲಿ ಮತ್ತೊಮ್ಮೆ ಅದ್ದಿ ಬಾಯಿಗಿಡಬೇಕು. ಇಷ್ಟು ಶ್ರಮಕ್ಕೆ ಸಿಗುವುದು ಅರ್ಧ ತುತ್ತು. ಹಾಗಾಗಿ ಇದು ಗಂಟೆಗಟ್ಟಲೆ ನಡೆಯುವ ಊಟ. ಕೈಯೆಲ್ಲ ಎಣ್ಣೆ, ಫೋನ್ ಮುಟ್ಟುವ ಹಾಗಿಲ್ಲ. ಎದುರಿಗೆ ಕೂತವರ ಜೊತೆ ಮಾತಾಡಲೇಬೇಕು.

ಈ ಕ್ರೇಫಿಶ್ ಮೂಲದಲ್ಲಿ ಚೀನಾದ್ದೇ ಅಲ್ಲ. ಅಮೆರಿಕದ ಲೂಸಿಯಾನಾ ಕಡೆಯದು. ಜಪಾನ್ ಮೂಲಕ ಕಳೆದ ಶತಮಾನದ ಮೊದಲರ್ಧದಲ್ಲಿ ಬಂದು ಯಾಂಗ್‌ಟ್ಸಿ ಬಯಲಿನ ಗದ್ದೆ-ಕೆರೆಗಳಲ್ಲಿ ನೆಲೆ ನಿಂತಿತು. ಈಗ ಮೇ ತಿಂಗಳಿಂದ ಆಗಸ್ಟ್‌ವರೆಗೆ ಚೀನಾದ ದೊಡ್ಡ ನಗರಗಳ ರಾತ್ರಿಯನ್ನು ಇದಿಲ್ಲದೆ ಊಹಿಸುವುದೇ ಕಷ್ಟ.

ಈ ರಾತ್ರಿಗಳು ನಮಗೆ ಮತ್ತೆ ಹತ್ತಿರವಾಗಿವೆ. 2020ರಲ್ಲಿ ನಿಂತುಹೋಗಿದ್ದ ಭಾರತ-ಚೀನಾ ನೇರ ವಿಮಾನ 2025ರ ಅಕ್ಟೋಬರ್ 26ರ ರಾತ್ರಿ ಕೋಲ್ಕತ್ತದಿಂದ ಗುವಾಂಗ್‌ಝೌಗೆ ಹಾರುವುದರೊಂದಿಗೆ ಮರಳಿ ಶುರುವಾಯಿತು. ಮರುತಿಂಗಳೇ ದೆಹಲಿಯಿಂದಲೂ ಹಾರಾಟ ಆರಂಭವಾಯಿತು. ವ್ಯಾಪಾರಕ್ಕೆ, ಮೇಳಕ್ಕೆ, ಓದಿಗೆ ಹೋಗುತ್ತಿದ್ದವರ ಜೊತೆ ಸುಮ್ಮನೆ ಊರು ನೋಡಲು ಹೊರಟವರೂ ಸೇರಿಕೊಳ್ಳುತ್ತಿದ್ದಾರೆ. ಹಗಲಿಗೆ ಏನು ನೋಡಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಮಹಾಗೋಡೆ, ಅರಮನೆ, ಮಣ್ಣಿನ ಸೈನಿಕರು ಅಲ್ಲೇ ಇದ್ದಾರೆ. ಕಷ್ಟವಾಗುವುದು ಸಂಜೆ ಆರರ ನಂತರ.

ಊಟ ಬೇಗ, ರಾತ್ರಿ ಉದ್ದ

ನಮ್ಮವರು ಅಲ್ಲಿ ಎಡವುವುದು ಮೊದಲು ಗಡಿಯಾರದಲ್ಲಿ. ರಾತ್ರಿ ಒಂಬತ್ತಕ್ಕೆ ಹಸಿದು ಕೆಳಗಿಳಿದರೆ ಒಳ್ಳೆಯ ಕುಟುಂಬ ಹೋಟೆಲುಗಳು ಕುರ್ಚಿ ಎತ್ತಿಡುತ್ತಿರುತ್ತವೆ. ಚೀನೀಯರು ರಾತ್ರಿಯೂಟಕ್ಕೆ ಕೂರುವುದು ಐದೂವರೆಯಿಂದ ಏಳರೊಳಗೆ. ಬಾತುಕೋಳಿ ಹುರಿದು ಬಡಿಸುವ ಹೆಸರಾಂತ ಹೋಟೆಲಾಗಲಿ, ಬಡಾವಣೆಯ ಸಾದಾ ಊಟದ ಮನೆಯಾಗಲಿ, ಅಡುಗೆ ಅತ್ಯುತ್ತಮವಾಗಿರುವುದು ಆ ಹೊತ್ತಿನಲ್ಲಿ.

ಏಳರಿಂದ ಒಂಬತ್ತು ಚೌಕಗಳ ಸಮಯ. ಪ್ರತಿ ಬಡಾವಣೆಯ ಪಾರ್ಕು, ಮಾಲ್ ಮುಂದಿನ ಅಂಗಳದಲ್ಲಿ ಸ್ಪೀಕರ್ ಇಟ್ಟು ನಡುವಯಸ್ಸಿನ, ಇಳಿವಯಸ್ಸಿನ ಹೆಂಗಸರು ಸಾಲಾಗಿ ಕುಣಿಯುತ್ತಾರೆ. ಪಕ್ಕದಲ್ಲೇ ಜೋಡಿ ನೃತ್ಯ, ಇನ್ನೊಂದು ಮೂಲೆಯಲ್ಲಿ ಚದುರಂಗ. ಟಿಕೆಟ್ ಇಲ್ಲ, ಹಿಂದಿನ ಸಾಲಿನಲ್ಲಿ ಹೊಸಬರು ನಿಂತರೆ ಯಾರೂ ಬೇಡವೆನ್ನುವುದಿಲ್ಲ. ನೈಟ್‌ಲೈಫ್ ಎಂದರೆ ಬಾರು, ಡಿಸ್ಕೋ ಎಂದಷ್ಟೇ ತಿಳಿದವರು ಇದನ್ನು ದಾಟಿ ನಡೆದುಬಿಡುತ್ತಾರೆ. ನನ್ನ ಮಟ್ಟಿಗೆ ಚೀನಾದ ಊರೊಂದರ ಮೊದಲ ಪರಿಚಯ ಆಗಬೇಕಾದದ್ದೇ ಇಲ್ಲಿ.

ಒಂಬತ್ತರ ಮೇಲೆ ಎರಡನೆಯ ಪಾಳಿ ಶುರು. ಅದಕ್ಕೆ ಯೆಶಿಯಾವ್ ಎನ್ನುತ್ತಾರೆ. ದಕ್ಷಿಣದವರ ಬಾಯಲ್ಲಿ ಶಿಯಾವ್‌ಯೆ. ರಾತ್ರಿಯೂಟ ಮುಗಿದ ಮೇಲೆ ಮತ್ತೆ ಹೊರಗೆ ಹೋಗಿ ತಿನ್ನುವ ಎರಡನೆಯ ಊಟ. ಇದ್ದಿಲಿನ ಮೇಲೆ ಸುಟ್ಟ ಕಡ್ಡಿಗಳು, ನೂಡಲ್ಸ್, ಗಂಜಿ, ಬಿಯರ್. ಊರಿನವರ ನಡುವೆ ಕೂತು ತಿನ್ನುವ ಆಸೆ ಇದ್ದವರು ಸಂಜೆ ಆರಕ್ಕೆ ಅರೆಹೊಟ್ಟೆ ಉಂಡು, ಹತ್ತಕ್ಕೆ ಮತ್ತೆ ಹೊರಬೀಳಬೇಕು. ಈ ಒಂದು ಹೊಂದಾಣಿಕೆ ಮಾಡಿಕೊಂಡರೆ ಅರ್ಧ ಕೆಲಸ ಆದಂತೆ.

ಇನ್ನೊಂದು ವಿಷಯ: ಇಡೀ ದೇಶಕ್ಕೆ ಒಂದೇ ಸಮಯ. ನಮಗಿಂತ ಎರಡೂವರೆ ಗಂಟೆ ಮುಂದಿರುವ ಬೀಜಿಂಗ್ ಸಮಯವೇ ಪೂರ್ವದ ಶಾಂಘೈಗೂ, ಪಶ್ಚಿಮದ ಚೆಂಗ್ಡುವಿಗೂ. ಚೆಂಗ್ಡುವಿನಲ್ಲಿ ಜೂನ್ ತಿಂಗಳ ಸೂರ್ಯ ಮುಳುಗುವುದು ಎಂಟು ಹೊಡೆದ ಮೇಲೆ, ಶಾಂಘೈನಲ್ಲಿ ಏಳಕ್ಕೆಲ್ಲ. ಚೆಂಗ್ಡು ಇರುವ ಸಿಚುವಾನ್ ಕಡೆಯ ರಾತ್ರಿ ತಡವಾಗಿ ಶುರುವಾಗಿ ತಡವಾಗಿ ಮುಗಿಯುವುದಕ್ಕೆ ಅಲ್ಲಿನವರ ಸ್ವಭಾವದ ಜೊತೆ ಸೂರ್ಯನೂ ಕಾರಣ.

ಜಾಗಟೆ ಬಡಿದರೆ ಬಾಗಿಲು ಬಂದ್

ಈ ರಾತ್ರಿಯೂಟಕ್ಕೆ ಸಾವಿರ ವರ್ಷದ ಇತಿಹಾಸವಿದೆ. ಅದಕ್ಕೂ ಹಿಂದೆ ರಾತ್ರಿ ಹೊರಗಿರುವುದೇ ಅಪರಾಧವಾಗಿತ್ತು.

ತಾಂಗ್ ವಂಶದ ರಾಜಧಾನಿ ಚಾಂಗ್‌ಆನ್, ಅಂದರೆ ಈಗಿನ ಷಿಯಾನ್, ಗೋಡೆ ಕಟ್ಟಿದ ಕೇರಿಗಳ ನಗರ. ಮಧ್ಯಾಹ್ನ ಮುನ್ನೂರು ಸಲ ನಗಾರಿ ಬಡಿದರೆ ಪೇಟೆ ತೆರೆಯುತ್ತಿತ್ತು. ಸೂರ್ಯ ಮುಳುಗುವ ಮುನ್ನ ಮುನ್ನೂರು ಸಲ ಜಾಗಟೆ ಬಡಿದರೆ ಮುಚ್ಚುತ್ತಿತ್ತು. ಕತ್ತಲಾದ ಮೇಲೆ ಕೇರಿಯ ಬಾಗಿಲು ಹಾಕಿ, ದೊಡ್ಡ ಬೀದಿಯಲ್ಲಿ ಸಿಕ್ಕವರಿಗೆ ಛಡಿಯೇಟು ಕೊಡುತ್ತಿದ್ದರು. ಸಡಿಲಿಕೆ ಇದ್ದದ್ದು ವರ್ಷದ ಮೊದಲ ಹುಣ್ಣಿಮೆಯ ದೀಪದ ಹಬ್ಬಕ್ಕೆ ಮಾತ್ರ.

ಸೋಂಗ್ ವಂಶದ ಮೊದಲ ಚಕ್ರವರ್ತಿ 965ರಲ್ಲಿ ರಾಜಧಾನಿ ಕೈಫೆಂಗ್‌ನ ಪೇಟೆ ನಡುರಾತ್ರಿಯ ಜಾವದವರೆಗೆ ತೆರೆದಿರಲಿ ಎಂದು ಆಜ್ಞೆ ಕೊಟ್ಟ. ಆಮೇಲೆ ಕಟ್ಟುಗಳೇ ಉದುರಿಹೋದವು. ಆ ನಗರ ಶತ್ರುಗಳ ಪಾಲಾದ ಮೇಲೆ ದಕ್ಷಿಣಕ್ಕೆ ಓಡಿಬಂದ ಮೆಂಗ್ ಯುವಾನ್‌ಲಾವ್ ಎಂಬಾತ 1147ರಲ್ಲಿ ತನ್ನ ನೆನಪಿನ ಪುಸ್ತಕಕ್ಕೆ ಮುನ್ನುಡಿ ಬರೆದ. ಅದರ ತುಂಬ ರಾತ್ರಿಪೇಟೆ. ಯಾವ ಸೇತುವೆಯ ಬಳಿ ಯಾವ ಮಾಂಸ, ಚಳಿಗಾಲದಲ್ಲಿ ಏನು, ಬೇಸಿಗೆಯಲ್ಲಿ ಯಾವ ತಂಪು ತಿನಿಸು, ಎಲ್ಲ ಹೆಸರು ಹಿಡಿದು ಹೇಳಿದ್ದಾನೆ. ನಡುರಾತ್ರಿ ಮುಚ್ಚಿದ ಅಂಗಡಿ ಬೆಳಗಿನ ಜಾವಕ್ಕೇ ಮತ್ತೆ ತೆರೆಯುತ್ತಿತ್ತಂತೆ. ಕಳೆದುಕೊಂಡ ಊರನ್ನು ಒಬ್ಬ ಮನುಷ್ಯ ಅದರ ರಾತ್ರಿಯ ತಿಂಡಿಗಳ ಮೂಲಕ ನೆನೆಯುತ್ತಾನೆ ಎನ್ನುವುದು ನನ್ನನ್ನು ಈಗಲೂ ತಟ್ಟುತ್ತದೆ.

ಷಿಯಾನ್‌ನಲ್ಲಿ ಈಗ ‘ತಾಂಗ್ ಕಾಲದ ರಾತ್ರಿಯಿಲ್ಲದ ನಗರಿ’ ಎಂಬ ಹೆಸರಿನ ಪಾದಚಾರಿ ಬೀದಿಯಿದೆ. ರೇಷ್ಮೆ ಉಡುಪಿನ ಯುವತಿಯರು, ಬಣ್ಣದ ದೀಪದ ಮರಗಳು, ವೇದಿಕೆ, ನೂಕುನುಗ್ಗಲು. ತಾಂಗ್ ಕಾಲದಲ್ಲಿ ಅಂಥ ರಾತ್ರಿ ಇರಲಿಲ್ಲವೆನ್ನುವುದು ತಿಳಿದಿದ್ದರೂ ಒಮ್ಮೆ ಹೋಗಿ ಬರಬಹುದು; ಏಕೆಂದರೆ ಅದರ ಉತ್ತರ ತುದಿಯಲ್ಲಿ ದೊಡ್ಡ ಕಾಡುಬಾತು ಪಗೋಡಾ ನಿಂತಿದೆ. ಇಮ್ಮಡಿ ಪುಲಿಕೇಶಿಯ ರಾಜ್ಯವನ್ನು ಕಂಡು ಬರೆದಿಟ್ಟ ಹ್ಯುಯೆನ್‌ತ್ಸಾಂಗ್ ಭಾರತದಿಂದ ಹೊತ್ತೊಯ್ದ ಗ್ರಂಥಗಳನ್ನು ಇಡಲು 652ರಲ್ಲಿ ಕಟ್ಟಿಸಿದ್ದು ಅದು.

ಊಟಕ್ಕೆ ಮಾತ್ರ ಊರೊಳಗಿನ ಮುಸ್ಲಿಂ ಕೇರಿಗೇ ಹೋಗಬೇಕು. ಅಲ್ಲೂ ಬೇಯುವಾನ್‌ಮನ್ ಎಂಬ ಮುಖ್ಯ ಬೀದಿ ಪ್ರವಾಸಿಗರದು. ಪಶ್ಚಿಮಕ್ಕಿರುವ ಸಾಜಿನ್‌ಚ್ಯಾವ್ ಬೀದಿ ಊರಿನವರದು. ಕುರಿಮಾಂಸದ ಸಾರಿನ ಪಾವ್‌ಮೋ ಕೇಳಿದರೆ ಬಟ್ಟಲಿನಲ್ಲಿ ಗಟ್ಟಿ ರೊಟ್ಟಿ ತಂದಿಡುತ್ತಾರೆ. ಅದನ್ನು ಕಾಳಿನ ಗಾತ್ರಕ್ಕೆ ನೀವೇ ಮುರಿಯಬೇಕು. ಆಮೇಲೆ ನಂಬರಿನ ಬಿಲ್ಲೆಯೊಂದಿಗೆ ಬಟ್ಟಲು ಅಡುಗೆಮನೆಗೆ ಹೋಗಿ ಸಾರು ತುಂಬಿಕೊಂಡು ಮರಳುತ್ತದೆ. ದೊಡ್ಡ ತುಂಡು ಮುರಿದವರು ಹೊಸಬರೆಂದು ಅಡುಗೆಯವನಿಗೆ ಬಟ್ಟಲು ನೋಡಿದೊಡನೆ ತಿಳಿಯುತ್ತದೆ.

ಹೆಸರು ನೆಚ್ಚಿಕೊಂಡು ಹೋಗಬೇಡಿ

ಪ್ರವಾಸಿ ಪುಸ್ತಕದಲ್ಲಿ ಓದಿದ ರಾತ್ರಿಬೀದಿ ನೀವು ಚೀನಾಕ್ಕೆ ಹೋಗುವ ಹೊತ್ತಿಗೆ ಉಳಿದಿರುತ್ತದೆಂಬ ಭರವಸೆ ಇಲ್ಲ.

ಚೇಳು, ನಕ್ಷತ್ರಮೀನನ್ನು ಕಡ್ಡಿಗೆ ಚುಚ್ಚಿ ಕರಿದು ಮಾರುತ್ತಿದ್ದ ಬೀಜಿಂಗ್‌ನ ದೋಂಗ್‌ಹ್ವಾಮನ್ ರಾತ್ರಿಪೇಟೆಯನ್ನು ನೀವು ಚಿತ್ರಗಳಲ್ಲಿ ನೋಡಿರುತ್ತೀರಿ. ಅದು 2016ರಲ್ಲೇ ಮುಚ್ಚಿತು. ಬೀಜಿಂಗ್‌ನವರು ರಾತ್ರಿಯೂಟಕ್ಕೆ ಚೇಳು ತಿನ್ನುವವರಲ್ಲ. ಆ ಪೇಟೆ ಇದ್ದದ್ದೇ ಕ್ಯಾಮೆರಾ ಹಿಡಿದವರಿಗಾಗಿ. ನಿಜಕ್ಕೂ ಬೇಸರವಾಗುವುದು 2017ರ ಸಂಗತಿಗೆ. ಹಳೆಯ ಗಲ್ಲಿಗಳಲ್ಲಿ, ಅಂದರೆ ಹುಟೋಂಗ್‌ಗಳಲ್ಲಿ, ಮನೆಯ ಗೋಡೆ ಒಡೆದು ಬಾಗಿಲಿಟ್ಟು ತೆರೆದಿದ್ದ ಅಂಗಡಿ, ಬಾರು, ನೂಡಲ್ಸ್ ಮನೆಗಳ ಮುಂಭಾಗವನ್ನು ಆ ವರ್ಷ ನಗರಾಡಳಿತ ಇಟ್ಟಿಗೆ ಕಟ್ಟಿ ಮುಚ್ಚಿಸಿತು. ಕೆಲವು ಕಿಟಕಿಯಲ್ಲಿ ಬಿಯರ್ ಮಾರಿ ಒಂದಷ್ಟು ದಿನ ನಡೆದವು. ಬಹಳಷ್ಟು ಹೋದವು. ಅದೇ ವರ್ಷ ಸಾನ್‌ಲಿತುನ್ ಪಕ್ಕದ, ಅಗ್ಗದ ಮದ್ಯಕ್ಕೆ ಹೆಸರಾಗಿದ್ದ ‘ಕೊಳಕು ಬೀದಿ’ಯನ್ನೂ ತೆಗೆದರು.

ಶಾಂಘೈನ ಯೋಂಗ್‌ಕಾಂಗ್ ರಸ್ತೆಯದೂ ಅದೇ ಕಥೆ. ಕಿರಿದಾದ ರಸ್ತೆಯ ತುಂಬ ಬಾರು, ನಡುರಾತ್ರಿಯ ಗದ್ದಲ, ಮಹಡಿ ಮೇಲೆ ನಿದ್ದೆ ಬಾರದ ವೃದ್ಧರು. ಸಿಟ್ಟಿಗೆದ್ದವರು ಕಿಟಕಿಯಿಂದ ನೀರು ಸುರಿದದ್ದೂ ಉಂಟು. 2016ರಲ್ಲಿ ಬಾರುಗಳನ್ನು ಎತ್ತಿಸಿದರು. ಈಗ ಅಲ್ಲಿ ಕಾಫಿ ಅಂಗಡಿಗಳಿವೆ. ಮುಚ್ಚಿಸಿದ ಅಧಿಕಾರಿಗಳನ್ನು ಪೂರ್ತಿ ದೂರುವುದೂ ಕಷ್ಟ. ರಾತ್ರಿ ಎರಡಕ್ಕೆ ಹಾಡುವವರ ಮೇಲಿನ ಮಹಡಿಯಲ್ಲಿ ಮಲಗಬೇಕಾದವರ ಕಡೆಯಿಂದಲೂ ನೋಡಬೇಕಲ್ಲ.

ಗಾಳಿ ಮತ್ತೆ ತಿರುಗಿತು. 2019ರಲ್ಲಿ ಶಾಂಘೈ ನಗರ ರಾತ್ರಿ ವ್ಯಾಪಾರವನ್ನು ಬೆಳೆಸಲೆಂದೇ ಜಿಲ್ಲೆಗೊಬ್ಬ ‘ರಾತ್ರಿ ಮುಖ್ಯಸ್ಥ’ನನ್ನು ನೇಮಿಸಿತು. 2020ರ ಮೇ ತಿಂಗಳಲ್ಲಿ, ಕೋವಿಡ್ ಹೊಡೆತದ ನಡುವೆ, ಆಗಿನ ಪ್ರಧಾನಿ ಲಿ ಕಚಿಯಾಂಗ್ ಪತ್ರಿಕಾಗೋಷ್ಠಿಯಲ್ಲಿ ಪಶ್ಚಿಮದ ನಗರವೊಂದನ್ನು ಹೊಗಳಿದರು. 36,000 ಬೀದಿಬದಿ ಅಂಗಡಿಗಳಿಗೆ ಜಾಗ ಕೊಟ್ಟು ಒಂದು ಲಕ್ಷ ಜನಕ್ಕೆ ಕೆಲಸ ದಕ್ಕಿಸಿದ ಆ ಊರು ಚೆಂಗ್ಡು. ಕೆಲವೇ ದಿನಗಳಲ್ಲಿ ದೇಶದ ತುಂಬ ತಳ್ಳುಗಾಡಿಗಳು ಮರಳಿದವು. ಬೀಜಿಂಗ್‌ನ ಅಧಿಕೃತ ಪತ್ರಿಕೆ ಮಾತ್ರ, ರಾಜಧಾನಿಗೆ ಇದು ಒಪ್ಪದು ಎಂದು ಬರೆಯಿತು.

ಹೀಗೆ ಬೀದಿಗಳು ಬರುತ್ತವೆ, ಹೋಗುತ್ತವೆ. ಗುರುತುಗಳು ಮಾತ್ರ ಎಲ್ಲ ಊರಲ್ಲೂ ಅವೇ. ದೊಡ್ಡ ವಸತಿ ಸಮುಚ್ಚಯದ ಹಿಂದಿನ ಗೇಟು, ವಿಶ್ವವಿದ್ಯಾಲಯದ ಪಕ್ಕದ ಗೇಟು, ಆಸ್ಪತ್ರೆಯ ಎದುರು: ಈ ಮೂರು ಕಡೆ ಹತ್ತು ಗಂಟೆಗೆ ಹೊಗೆ ಏಳುತ್ತಿರುತ್ತದೆ. ಒಂದು ನೇರ ಗೀಟು ಎರಡು ಚೌಕಗಳನ್ನು ಪೋಣಿಸಿದಂತಿರುವ ಕೆಂಪು ನಿಯಾನ್ ಅಕ್ಷರ ಕಂಡರೆ ಅಲ್ಲಿ ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸ ಸಿಗುತ್ತದೆ. ಭಾಷೆ ಬಾರದಿದ್ದರೂ ಈ ಅಕ್ಷರವನ್ನು ಯಾರು ಬೇಕಾದರೂ ಓದಬಲ್ಲರು. ಬೀಜಿಂಗ್‌ನಲ್ಲಿ ಹೀಗೆ ಸುಡುವವರಲ್ಲಿ ದೂರದ ಷಿನ್‌ಜಿಯಾಂಗ್‌ನವರ ಪಾಕ ಹೆಚ್ಚು: ಕುರಿಮಾಂಸ, ಕೊಬ್ಬಿನ ತುಂಡು, ಮೇಲೆ ಹುಡಿಹುಡಿ ಜೀರಿಗೆ, ಖಾರದ ಪುಡಿ. ಆ ಜೀರಿಗೆಯ ವಾಸನೆ ನಮ್ಮ ಮೂಗಿಗೆ ಥಟ್ಟನೆ ತಿಳಿಯುತ್ತದೆ.

▌ಬಾಕ್ಸ್: ಫೋನ್ ಇಲ್ಲದೆ ನೀರೂ ಸಿಗದು

ತಳ್ಳುಗಾಡಿಯಿಂದ ಹಿಡಿದು ಜಾಝ್ ಬಾರಿನವರೆಗೆ ಎಲ್ಲ ಕಡೆ ಅಲಿಪೇ, ಇಲ್ಲವೇ ವೀಚಾಟ್ ಪೇ. ಹೊರಡುವ ಮೊದಲೇ ಈ ಆ್ಯಪ್‌ಗಳಿಗೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿ, ಪಾಸ್‌ಪೋರ್ಟ್ ವಿವರ ಕೊಟ್ಟು, ನಿಮ್ಮ ಬ್ಯಾಂಕಿನಲ್ಲಿ ವಿದೇಶಿ ಬಳಕೆ ತೆರೆಸಿಕೊಳ್ಳಿ. ಒಂದು ಸಲಕ್ಕೆ 200 ಯುವಾನ್ ದಾಟಿದ ಪಾವತಿಗೆ ಶೇ 3 ಶುಲ್ಕ ಬೀಳುತ್ತದೆ. ಸಣ್ಣ ಬಿಲ್ಲಿಗೆ ಇಲ್ಲ.

ಮೇಜಿನ ಮೂಲೆಯ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಚಿತ್ರಸಹಿತ ಮೆನು ತೆರೆಯುತ್ತದೆ. ಗೂಗಲ್ ನಕ್ಷೆ ನೆಚ್ಚಬೇಡಿ. ಊರಿನವರ ದಾರಿ ತೋರುವುದು ಅಮ್ಯಾಪ್. ಟ್ಯಾಕ್ಸಿಗೆ ದೀದೀ, ಅದು ಅಲಿಪೇ ಒಳಗೇ ಇದೆ. ಟಿಪ್ಸ್ ಕೊಡುವ ವಾಡಿಕೆ ಇಲ್ಲ.

ಹೋಟೆಲ್ ಆರಿಸಲು ಎಲ್ಲರೂ ನೋಡುವುದು 2003ರಲ್ಲಿ ಶಾಂಘೈನಲ್ಲಿ ಹುಟ್ಟಿದ ದಿಯಾನ್‌ಪಿಂಗ್. ಆದರೆ ಅಲ್ಲಿನ ಅಂಕಗಳಿಗೆ ಹಣ ಸುರಿಯುವವರು ಹೆಚ್ಚಾದ ಮೇಲೆ, ಐದಕ್ಕೆ ಮೂರೂವರೆ ಪಡೆದ ಹಳೆಯ ಹೋಟೆಲುಗಳನ್ನೇ ಹುಡುಕಿ ಹೋಗುವುದು ಯುವಕರ ನಡುವೆ ರೂಢಿಯಾಯಿತು.

ಕಡ್ಡಿ ಎಣಿಸುವ ಊರು, ಸುರಂಗದಲ್ಲಿ ಉಣ್ಣುವ ಊರು

ಒಂದೇ ರಾತ್ರಿ, ಒಂದೇ ಊರು ಎಂದರೆ ನಾನು ಚೆಂಗ್ಡು ಎನ್ನುತ್ತೇನೆ. ಯುನೆಸ್ಕೊ 2010ರಲ್ಲಿ ಇದಕ್ಕೆ ರುಚಿನಗರವೆಂಬ ಮನ್ನಣೆ ಕೊಟ್ಟಿತು. ಏಷ್ಯಾದಲ್ಲಿ ಮೊದಲು ಆ ಹೆಸರು ಪಡೆದ ಊರು. ಆ ಮನ್ನಣೆ ದೊಡ್ಡ ಹೋಟೆಲುಗಳಿಂದ ಬಂದದ್ದಲ್ಲ. ಊರಿನವರೇ ಅಕ್ಕರೆಯಿಂದ ‘ನೊಣದ ಹೋಟೆಲು’ ಎಂದು ಕರೆಯುವ, ನಾಲ್ಕು ಮೇಜಿನ, ಎಣ್ಣೆಗಟ್ಟಿದ ಗೋಡೆಯ ಊಟದ ಮನೆಗಳಲ್ಲಿ ಅದರ ಬೇರಿದೆ.

ಹಳೆಯ ಯೂಲಿನ್ ಬಡಾವಣೆಗೆ ಹೋಗಿ. ಅಗಲ ಎಲೆಗಳ ಮರಗಳ ಕೆಳಗೆ ಐದಾರು ಮಹಡಿಯ ಲಿಫ್ಟಿಲ್ಲದ ಮನೆಗಳು, ನೆಲಮಹಡಿಯಲ್ಲಿ ಚುವಾನ್‌ಚುವಾನ್ ಅಂಗಡಿಗಳು. ಫ್ರಿಜ್ ಮುಂದೆ ನಿಂತು ಬೇಕಾದ ಕಡ್ಡಿಗಳನ್ನು ನೀವೇ ಆರಿಸಿಕೊಳ್ಳುತ್ತೀರಿ. ಕಮಲದ ಗೆಡ್ಡೆ, ಆಲೂಗಡ್ಡೆ, ತೋಫು, ಅಣಬೆ, ಗೋಮಾಂಸ, ಕೋಳಿಯ ಒಳಭಾಗ. ಪ್ರತಿ ಕಡ್ಡಿಯಲ್ಲಿ ಒಂದೆರಡೇ ತುಂಡು. ಕುದಿಯುವ ಕೆಂಪು ಸಾರಿನಲ್ಲಿ ಅದ್ದಿ ತಿಂದು ಕಡ್ಡಿಯನ್ನು ಡಬ್ಬಕ್ಕೆ ಹಾಕುತ್ತ ಹೋಗಬೇಕು. ಏಳುವ ಹೊತ್ತಿಗೆ ಹುಡುಗಿಯೊಬ್ಬಳು ಬಂದು ಕಡ್ಡಿಗಳನ್ನು ಕಂತೆ ಮಾಡಿ, ಬೆರಳಲ್ಲಿ ಸರಸರ ಎಣಿಸಿ, ಮೊತ್ತ ಹೇಳುತ್ತಾಳೆ.

ನಾಲಿಗೆ ಜುಮುಗುಡಿಸುವ ಆ ಸಿಚುವಾನ್ ಮೆಣಸು ನಮಗೆ ಪೂರ್ತಿ ಅಪರಿಚಿತವಲ್ಲ. ಕರಾವಳಿ, ಮಲೆನಾಡಿನ ಜುಮ್ಮನಕಾಯಿ ಅದೇ ಕುಲದ ಗಿಡ. ಬಂಗುಡೆ ಸಾರಿಗೆ ಅದನ್ನು ಹಾಕುವ ಮನೆಯಿಂದ ಬಂದವರಿಗೆ ಚೆಂಗ್ಡುವಿನ ಮೊದಲ ತುತ್ತು ಬೆಚ್ಚಿಬೀಳಿಸುವುದಿಲ್ಲ.

ಯೂಲಿನ್‌ನಲ್ಲೇ 1997ರಿಂದ ಇರುವ ‘ಪುಟ್ಟ ಬಾರು’ ಇದೆ. ಚೀನಾದ ರಾಕ್ ತಂಡಗಳಿಗೆ ಆಗಿನಿಂದ ಆಸರೆ ಕೊಟ್ಟ ಜಾಗ. ಝಾವ್ ಲೇಯ್ ಎಂಬ ಜಾನಪದ ಶೈಲಿಯ ಗಾಯಕ 2016ರಲ್ಲಿ ಈ ಊರಿನ ಹೆಸರಿನ ಹಾಡಿನಲ್ಲಿ ಆ ಬಾರನ್ನು ಸೇರಿಸಿದ. ಮರುವರ್ಷ ಟಿವಿ ಸ್ಪರ್ಧೆಯೊಂದರಲ್ಲಿ ಅದನ್ನು ಹಾಡಿದ್ದೇ ತಡ, ದೇಶದ ಮೂಲೆಮೂಲೆಯಿಂದ ಬಂದವರು ಬಾಗಿಲಲ್ಲಿ ಸಾಲುಗಟ್ಟಿದರು. ಸಾಲು ಕಂಡು ಬೇಸರಪಟ್ಟವರಿಗೆ ಸುತ್ತಲಿನ ಗಲ್ಲಿಗಳಲ್ಲಿ ಸಣ್ಣ ಬಾರುಗಳಿಗೆ ಬರವಿಲ್ಲ. ಅವು ಹತ್ತರ ಮುಂಚೆ ಖಾಲಿ ಇರುತ್ತವೆ, ಹನ್ನೊಂದಕ್ಕೆ ಕೂರಲು ಜಾಗವಿರುವುದಿಲ್ಲ.

ಹೈಸ್ಪೀಡ್ ರೈಲಿನಲ್ಲಿ ಒಂದೂವರೆ ಗಂಟೆಯ ಆಸುಪಾಸಿನ ದೂರದಲ್ಲಿ ಚೋಂಗ್‌ಕಿಂಗ್. ಯಾಂಗ್‌ಟ್ಸಿ, ಜಿಯಾಲಿಂಗ್ ನದಿಗಳು ಕೂಡುವಲ್ಲಿ ಬೆಟ್ಟದ ಮೇಲೆ ಬೆಟ್ಟ ಕಟ್ಟಿದ ಊರು. ಹೋಂಗ್ಯಾದೋಂಗ್ ಎಂಬ ಹಂತಹಂತದ ಕಟ್ಟಡದ ಬಂಗಾರದ ದೀಪಗಳನ್ನು ಸೇತುವೆಯಿಂದ ನೋಡಿ, ಒಳಗೆ ಊಟಕ್ಕೆ ಮಾತ್ರ ಹೋಗಬೇಡಿ. ಚೋಂಗ್‌ಕಿಂಗ್‌ನವರು ಹಾಟ್‌ಪಾಟ್ ತಿನ್ನಲು ಬೆಟ್ಟದ ಹೊಟ್ಟೆಯೊಳಕ್ಕೆ ಹೋಗುತ್ತಾರೆ.

ಯುದ್ಧಕಾಲದ ರಾಜಧಾನಿಯಾಗಿದ್ದ ಈ ನಗರದ ಮೇಲೆ 1938ರಿಂದ 1943ರವರೆಗೆ ಜಪಾನಿ ವಿಮಾನಗಳು ಮತ್ತೆ ಮತ್ತೆ ಬಾಂಬು ಸುರಿದವು. ಜೀವ ಉಳಿಸಿಕೊಳ್ಳಲು ಬಂಡೆ ಕೊರೆದು ಸುರಂಗ ತೋಡಿದರು. ಅಂಥ ಸುರಂಗಗಳಲ್ಲಿ ಕೆಲವು ಈಗ ಹಾಟ್‌ಪಾಟ್ ಮನೆಗಳು. ನಲವತ್ತು ಡಿಗ್ರಿ ಮುಟ್ಟುವ ಬೇಸಿಗೆಯಲ್ಲೂ ಒಳಗೆ ತಂಪು. ಕಮಾನಿನ ಕಲ್ಲು ಚಾವಣಿ, ಎರಡೂ ಬದಿ ಮೇಜು, ಮೇಜಿನ ನಡುವೆ ಒಂಬತ್ತು ಚೌಕಗಳಾಗಿ ಭಾಗ ಮಾಡಿದ ಪಾತ್ರೆ. ನಡುವಿನ ಚೌಕ ಭರ್ರೆಂದು ಕುದಿಯುತ್ತದೆ, ಮೂಲೆಯವು ಮೆಲ್ಲಗೆ. ತೆಳುವಾದ ಜಠರದ ಪದರವನ್ನು ನಡುವಿನಲ್ಲಿ ಕೆಲವೇ ಸೆಕೆಂಡು ಮೇಲೆಕೆಳಗೆ ಆಡಿಸಬೇಕು. ಹೊತ್ತು ಬೇಯುವುದನ್ನು ಮೂಲೆಗೆ ಬಿಡಬೇಕು. ಅದ್ದಿಕೊಳ್ಳಲು ಎಳ್ಳೆಣ್ಣೆ, ಜಜ್ಜಿದ ಬೆಳ್ಳುಳ್ಳಿ. ಜನ ಸಾಯದಿರಲೆಂದು ಕೊರೆದ ಕತ್ತಲಲ್ಲಿ ಮೊಮ್ಮಕ್ಕಳು ಹುಟ್ಟುಹಬ್ಬ ಆಚರಿಸುತ್ತಿದ್ದಾರೆ. ಇಡೀ ಚೀನಾದಲ್ಲಿ ಇದಕ್ಕಿಂತ ಮನಸ್ಸು ತುಂಬುವ ಊಟದ ಜಾಗ ನನಗೆ ತಿಳಿಯದು.

ಒಂದು ಎಚ್ಚರಿಕೆ: ಇಲ್ಲಿನ ಕೆಂಪು ಸಾರಿನ ಆಧಾರ ದನದ ಕೊಬ್ಬು. ಬೇಡದವರು ಅಣಬೆ ಅಥವಾ ಟೊಮೆಟೊ ಸಾರಿನ ಬೇರೆ ಪಾತ್ರೆ ಕೇಳಬೇಕು.

▌ಬಾಕ್ಸ್: ಸಸ್ಯಾಹಾರಿಗಳು ಏನು ಮಾಡಬೇಕು?

ಚೀನಾದಲ್ಲಿ ಸಸ್ಯಾಹಾರ ಹೊಸದಲ್ಲ, ಬೌದ್ಧರದ್ದು. ಚಾಂದ್ರಮಾನ ತಿಂಗಳ ಮೊದಲ ಮತ್ತು ಹದಿನೈದನೆಯ ದಿನ, ಎಂದರೆ ಅಮಾವಾಸ್ಯೆ-ಹುಣ್ಣಿಮೆಯ ಹೊತ್ತಿಗೆ, ಮಾಂಸ ಬಿಡುವವರು ಈಗಲೂ ಇದ್ದಾರೆ. ದೇವಾಲಯದ ಅಡುಗೆಗೆ ಈರುಳ್ಳಿ-ಬೆಳ್ಳುಳ್ಳಿಯೂ ಇಲ್ಲ. ಶಾಂಘೈನಲ್ಲಿ 1922ರ ಗೋಂಗ್‌ದಲಿನ್, ಚೆಂಗ್ಡುವಿನಲ್ಲಿ ವೆನ್‌ಶು ವಿಹಾರದ ಊಟದ ಮನೆ, ಗುವಾಂಗ್‌ಝೌನಲ್ಲಿ ದಾಫೋ ದೇವಾಲಯ: ಇವು ನೆಚ್ಚಬಹುದಾದ ಜಾಗ. ಬೇಗ ಮುಚ್ಚುತ್ತವೆ, ಆರಕ್ಕೇ ಹೋಗಿ.

ಸಾದಾ ಹೋಟೆಲಿನಲ್ಲಿ ‘ತರಕಾರಿ’ ಎಂದರೆ ಸಾಲದು. ಹುರಿದ ಬೀನ್ಸ್‌ಗೂ ಮಾಪೋ ತೋಫುವಿಗೂ ರುಚಿಗೆಂದು ಕೊಚ್ಚಿದ ಮಾಂಸ ಬೀಳುತ್ತದೆ. ಮಾಂಸ, ಮೀನು, ಹಂದಿಕೊಬ್ಬು, ಮಾಂಸದ ಸಾರು, ಆಯ್ಸ್ಟರ್ ಸಾಸ್ ಬೇಡ ಎಂದು ಚೀನಿಯಲ್ಲಿ ಬರೆಸಿ ಫೋನಿನಲ್ಲಿಟ್ಟುಕೊಳ್ಳಿ. ಎಲ್ಲೆಡೆ ಸಿಗುವವು: ಹುಳಿ-ಖಾರದ ಆಲೂ ಎಳೆ, ಜಜ್ಜಿದ ಸೌತೆಕಾಯಿ, ಬದನೆ-ಆಲೂ-ದೊಣ್ಣೆಮೆಣಸಿನ ದೀ ಸಾನ್ ಶಿಯಾನ್. ಮೊಟ್ಟೆ ತಿನ್ನುವವರಿಗೆ ಟೊಮೆಟೊ-ಮೊಟ್ಟೆ.

ಶಾಂಘೈನಲ್ಲಿ ಮುಂಬೈನ ಹಣ

ಶಾಂಘೈನ ಬಂಡ್ ದಂಡೆಯ ದೀಪಗಳನ್ನು ಎಲ್ಲರೂ ನೋಡುತ್ತಾರೆ. ಹಸಿರು ಗೋಪುರದ ಪೀಸ್ ಹೋಟೆಲು ಕಣ್ಣಿಗೆ ಬಿದ್ದರೆ ಸ್ವಲ್ಪ ನಿಲ್ಲಿ. 1929ರಲ್ಲಿ ಅದನ್ನು ಕಟ್ಟಿಸಿದ್ದು ವಿಕ್ಟರ್ ಸಸೂನ್. ಬಾಗ್ದಾದ್‌ನಿಂದ ಬಂದು ಮುಂಬೈಯಲ್ಲಿ ಬೆಳೆದ ಯಹೂದಿ ವ್ಯಾಪಾರಿ ಮನೆತನದವನು. ಕೊಲಾಬಾದ ಸಸೂನ್ ಡಾಕ್ ಅದೇ ಮನೆತನ ಕಟ್ಟಿಸಿದ್ದು. ಹತ್ತಿಯ ಜೊತೆ ಭಾರತದ ಅಫೀಮು ಮಾರಿ ಕೂಡಿಟ್ಟ ಸಂಪತ್ತು ಅದು ಎಂಬುದನ್ನೂ ಮರೆಯಬಾರದು. ಕೆಳಮಹಡಿಯ ಬಾರಿನಲ್ಲಿ 1980ರಿಂದ ಹಿರಿಯರ ಜಾಝ್ ತಂಡ ನುಡಿಸುತ್ತಿದೆ. ದುಬಾರಿ ಜಾಗ, ಒಂದು ಗ್ಲಾಸಿಗೆ ನಿಂತರೂ ನಷ್ಟವಿಲ್ಲ.

ಶಾಂಘೈನ ಯುವಕರು ಕೂಡುವುದು ಹಿಂದಿನ ಫ್ರೆಂಚ್ ಪ್ರದೇಶದ ಜುಲು, ಫುಮಿನ್, ಚಾಂಗ್‌ಲ ರಸ್ತೆಗಳಲ್ಲಿ. ಒಳಗಿನಷ್ಟೇ ಜನ ಹೊರಗೆ ಮೆಟ್ಟಿಲ ಮೇಲೆ. ಬಾರು ಮುಗಿಸಿದವರು ರಾತ್ರಿಯಿಡೀ ತೆರೆದ ನೂಡಲ್ಸ್ ಅಂಗಡಿಗಳಿಗೆ ಹೊರಳುತ್ತಾರೆ. ಹುರಿದ ಈರುಳ್ಳಿಹೂವಿನ ಎಣ್ಣೆಯಲ್ಲಿ ಕಲಸಿದ ಕಪ್ಪು-ಕಂದು ನೂಡಲ್ಸ್ ಅಲ್ಲಿಯ ಮನೆ ರುಚಿ.

ನಾನ್‌ಜಿಂಗ್ ಪೂರ್ವ ರಸ್ತೆಯಲ್ಲಿ ಮಾತ್ರ ಎಚ್ಚರ. ಇಂಗ್ಲಿಷ್ ಚೆನ್ನಾಗಿ ಆಡುವ ಯುವಕ ಯುವತಿಯರು ತಾವಾಗಿ ಪರಿಚಯ ಮಾಡಿಕೊಂಡು, ಚಹಾ ರುಚಿ ನೋಡೋಣ ಬನ್ನಿ ಎಂದು ಕರೆದೊಯ್ದು, ಕಣ್ಣು ಕತ್ತಲೆ ಬರುವಂಥ ಬಿಲ್ಲು ಕೈಗಿಡುವ ಮೋಸ ಇಲ್ಲೂ ಬೀಜಿಂಗ್‌ನ ವಾಂಗ್‌ಫುಜಿಂಗ್‌ನಲ್ಲೂ ಹಳೆಯದು. ಜಾಗ ನೀವು ಆರಿಸಿದ್ದಾದರೆ ಮಾತ್ರ ಹೋಗಿ.

ನಡುರಾತ್ರಿಯ ರಾಜಧಾನಿ

ರಾತ್ರಿಯೂಟದ ಕಲೆಯಲ್ಲಿ ಎಲ್ಲರಿಗಿಂತ ಮೇಲು ಗುವಾಂಗ್‌ಝೌ. ಮರಳಿ ಶುರುವಾದ ಮೊದಲ ನೇರ ವಿಮಾನ ಇಳಿದದ್ದೂ ಅಲ್ಲೇ ಆದ್ದರಿಂದ ನಮ್ಮವರಿಗೆ ಇದು ಬಾಗಿಲೂರು. 1957ರಿಂದ ವರ್ಷಕ್ಕೆರಡು ಸಲ, ವಸಂತ ಮತ್ತು ಶರತ್ಕಾಲದಲ್ಲಿ ನಡೆಯುವ ಕ್ಯಾಂಟನ್ ಮೇಳಕ್ಕೆ ಹೋಗುವ ಭಾರತೀಯ ವ್ಯಾಪಾರಿಗಳು ಹಗಲಿಡೀ ಸ್ಟಾಲ್ ಸುತ್ತಿ, ರಾತ್ರಿ ಯಾವುದೋ ಭಾರತೀಯ ಹೋಟೆಲಿನಲ್ಲಿ ದಾಲ್ ಉಂಡು ಮಲಗುತ್ತಾರೆ. ಮೇಳದ ಸಭಾಂಗಣದಿಂದ ಅನತಿ ದೂರದಲ್ಲಿ, ಹಳೆಯ ಬಿಯರ್ ಕಾರ್ಖಾನೆಯ ಪಕ್ಕ, ಝೂಜಿಯಾಂಗ್ ನದಿಯ ದಂಡೆಯಲ್ಲಿ ಪಾರ್ಟಿ ಪಿಯರ್ ಇದೆ ಎಂದು ಅವರಿಗೆ ಯಾರಾದರೂ ಹೇಳಬೇಕು.

ಅದಕ್ಕಿಂತ ಒಳ್ಳೆಯದು ಪಶ್ಚಿಮದ ಹಳೆಯ ಶಿಗುವಾನ್ ಕೇರಿ. ಬಾವೋಹ್ವಾ, ಎನ್‌ನಿಂಗ್ ರಸ್ತೆಗಳ ಸುತ್ತ ರಸ್ತೆಗೇ ಮೇಜು ಹಾಕಿರುತ್ತಾರೆ. ಕೂತ ಕೂಡಲೇ ಮಾಡಬೇಕಾದ ಮೊದಲ ಕೆಲಸ ತೊಳೆಯುವುದು. ಬಿಸಿ ಚಹಾ ಸುರಿದು ಬಟ್ಟಲು, ಕಪ್ಪು, ಚಾಪ್‌ಸ್ಟಿಕ್ ತುದಿಗಳನ್ನು ತೊಳೆದು ಆ ನೀರನ್ನು ದೊಡ್ಡ ಬೋಗುಣಿಗೆ ಚೆಲ್ಲುತ್ತಾರೆ. ಪಾತ್ರೆ ಶುಭ್ರವಾಗಿದ್ದರೂ ತೊಳೆಯುತ್ತಾರೆ. ಯಾರಾದರೂ ನಿಮಗೆ ಚಹಾ ಬಗ್ಗಿಸಿದರೆ ಎರಡು ಬೆರಳಿನಿಂದ ಮೇಜನ್ನು ಮೆಲ್ಲಗೆ ತಟ್ಟಿ. ಮಾತು ನಿಲ್ಲಿಸದೆಯೇ ಕೃತಜ್ಞತೆ ಹೇಳಿದಂತೆ.

ಖಾರವಿಲ್ಲದ ಊರಿದು. ನದಿಯ ದೋಣಿಗಳಲ್ಲಿ ಹುಟ್ಟಿದ ಮೀನಿನ ಗಂಜಿ, ಜ್ವಾಲೆಯ ಮೇಲೆ ಹಾರಿಸಿ ಹುರಿದ ಅಗಲ ಅಕ್ಕಿ ನೂಡಲ್ಸ್, ಮಡಕೆಯಲ್ಲಿ ತಳ ಹಿಡಿಸಿ ಬೇಯಿಸಿದ ಅನ್ನ. ಅಕ್ಕಿ ಹಿಟ್ಟನ್ನು ತೆಳುವಾಗಿ ಆವಿಯಲ್ಲಿ ಬೇಯಿಸಿ ಸುತ್ತುವ ಚ್ಯಾಂಗ್‌ಫೆನ್ ನಮ್ಮ ಒತ್ತು ಶ್ಯಾವಿಗೆಯ ಹಿಟ್ಟನ್ನೇ ಹಾಳೆಯಾಗಿ ಹಾಸಿದಂತಿರುತ್ತದೆ.

ಸಸ್ಯಾಹಾರಿಗಳಿಗೂ ಇಲ್ಲಿ ನಡುರಾತ್ರಿಯ ಪಾಲು ಇದೆ. ವೆನ್‌ಮಿಂಗ್ ರಸ್ತೆಯ ಸಿಹಿಗಂಜಿ ಅಂಗಡಿಗಳಲ್ಲಿ ಕಪ್ಪೆಳ್ಳನ್ನು ಅರೆದು ಕುದಿಸಿದ ಗಟ್ಟಿ ಪಾಯಸ, ಕೆಂಪು ಕಾಳಿನದು, ಹೆಸರುಕಾಳಿನದು, ಶುಂಠಿ ರಸಕ್ಕೆ ಬಿಸಿ ಹಾಲು ಸುರಿದು ಹೆಪ್ಪುಗಟ್ಟಿಸಿದ್ದು. ಅಜ್ಜಿಯರು, ಕಾಲೇಜು ಹುಡುಗರು, ಪಾಳಿ ಮುಗಿಸಿದ ಡೆಲಿವರಿಯವರು ಒಂದೇ ಬೆಂಚಿನಲ್ಲಿ. ಬಾರಿನ ಗೊಡವೆ ಬೇಡದ, ಮಕ್ಕಳೊಂದಿಗೆ ಬಂದ ಕುಟುಂಬಕ್ಕೆ ಇದಕ್ಕಿಂತ ಒಳ್ಳೆಯ ರಾತ್ರಿ ಸುತ್ತಾಟ ಬೇರೊಂದಿಲ್ಲ.

ಮನೆಗೆ ಹೋಗುವ ಹೊತ್ತು

ದೊಡ್ಡ ನಗರಗಳಲ್ಲೂ ಮೆಟ್ರೊ ಹನ್ನೊಂದರ ಆಸುಪಾಸಿಗೆ ನಿಲ್ಲುತ್ತದೆ. ಶಾಂಘೈನಲ್ಲಿ ವಾರಾಂತ್ಯಕ್ಕೆ ಕೆಲವು ಮಾರ್ಗ ತುಸು ತಡವಾಗಿಯೂ ಓಡುತ್ತವೆ. ಆಮೇಲೆ ದೀದೀಯೇ ಗತಿ. ತಂಗಿರುವ ಹೋಟೆಲಿನ ವಿಳಾಸ ಚೀನೀ ಅಕ್ಷರದಲ್ಲಿರುವ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡೇ ಹೊರಡಬೇಕು. ಫೋನಿನ ಚಾರ್ಜು ಕೈಕೊಡುವುದು ಸರಿಯಾಗಿ ಈ ಹೊತ್ತಿಗೇ. ಅಂಗಡಿ ಬಾಗಿಲಲ್ಲಿ ಕ್ಯೂಆರ್ ತೋರಿಸಿ ಬಾಡಿಗೆಗೆ ಪಡೆಯುವ ಪವರ್‌ಬ್ಯಾಂಕುಗಳ ಪೆಟ್ಟಿಗೆ ಬಹುತೇಕ ಎಲ್ಲ ಕಡೆ ಇರುತ್ತದೆ. ಒಂದೆಡೆ ತೆಗೆದದ್ದನ್ನು ಅದೇ ಕಂಪನಿಯ ಇನ್ನೊಂದು ಪೆಟ್ಟಿಗೆಗೆ ಮರಳಿಸಬಹುದು.

ಕುಡಿದು ಗಾಡಿ ಓಡಿಸುವುದು ಚೀನಾದಲ್ಲಿ 2011ರಿಂದ ಕ್ರಿಮಿನಲ್ ಅಪರಾಧ. ಆ ಕಾನೂನಿನಿಂದ ಹೊಸ ಕಸುಬೊಂದು ದೊಡ್ಡದಾಗಿ ಬೆಳೆಯಿತು: ಬದಲಿ ಚಾಲಕರು, ಅವರ ಮಾತಲ್ಲಿ ದೈಜ್ಯಾ. ಹೊಳೆಯುವ ಪಟ್ಟಿಯ ಕೋಟು, ಹೆಲ್ಮೆಟ್ಟು ತೊಟ್ಟು, ಮಡಚುವ ಪುಟ್ಟ ವಿದ್ಯುತ್ ಸ್ಕೂಟರಿನಲ್ಲಿ ಬರುತ್ತಾರೆ. ಕುಡಿದ ಮಾಲೀಕನ ಕಾರಿನ ಡಿಕ್ಕಿಯಲ್ಲಿ ಸ್ಕೂಟರು ಮಡಚಿಟ್ಟು, ಕಾರನ್ನು ಮನೆ ಮುಟ್ಟಿಸಿ, ಅದೇ ಸ್ಕೂಟರಿನಲ್ಲಿ ಮುಂದಿನ ಕರೆಗೆ ಹೊರಡುತ್ತಾರೆ.

ರಾತ್ರಿ ಹತ್ತೂವರೆಯ ನಂತರ ಇವರು ಗುಂಪುಗೂಡಿ ಕಾಯುವುದು ಊರಿನವರು ಹೊಟ್ಟೆತುಂಬ ಉಂಡು ಕುಡಿಯುತ್ತಿರುವ ಹೋಟೆಲುಗಳ ಎದುರಿಗೇ. ಯಾವ ಗಲ್ಲಿಯ ಬಾಯಲ್ಲಿ ಐದಾರು ಮಡಚುವ ಸ್ಕೂಟರುಗಳು ನಿಂತಿವೆಯೋ ಆ ಗಲ್ಲಿಯೊಳಕ್ಕೆ ನಡೆಯಿರಿ. ಮೆನು ಓದಲು ಬರದಿದ್ದರೆ ಪಕ್ಕದ ಮೇಜಿನತ್ತ ಬೆರಳು ತೋರಿಸಿ. ಅಲ್ಲಿ ಕೂತವರು ಸಾಮಾನ್ಯವಾಗಿ ನಕ್ಕು, ತಮ್ಮ ತಟ್ಟೆಯನ್ನೇ ಇತ್ತ ತಳ್ಳುತ್ತಾರೆ.